ಲೈಸೆನ್ಸ್ ಪತ್ರಕ್ಕೆ ಹಚ್ಚಿದ ಅರಿಶಿನ

ನನ್ನ ಕೆಲಸ ಏನೆಂದು ಕೇಳಿದವರಿಗೆಲ್ಲ ನಾನು ಒಂದೊಂದು ಬಗೆಯ ಉತ್ತರ ಕೊಟ್ಟಿದ್ದೇನೆ. ವಿಮಾನ ನಿಲ್ದಾಣದಲ್ಲಿ 'ನರ್ಸ್' ಎಂದೆ. ಅತ್ತೆಗೆ 'ಆಫೀಸು' ಎಂದೆ. ಯುಗಾದಿ ಊಟಕ್ಕೆ ಇಲ್ಲಿ ಅಮೆರಿಕದ ಬೆಲ್ವ್ಯೂನಲ್ಲಿ ಸೇರಿದ ಕನ್ನಡ ಗೆಳತಿಯರಿಗೆ ಒಮ್ಮೆ ನಿಜ ಹೇಳಿಬಿಟ್ಟೆ. "ಅಂದ್ರೆ ಪದ್ಮಾ, ಕುಡುಕ ನರ್ಸ್‌ಗಳಿಗೆ ನೀನು ವಾರ್ಡನ್ನಾ?" ಎಂದು ಶಾರದಾ ಹೋಳಿಗೆ ಬಡಿಸುತ್ತಲೇ ಕೇಳಿದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನೂ ನಕ್ಕು ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡೆ.

ಈಗ ಅದೇ ಶಾರದಾಳ ಸೊಸೆ ಇಂಥದೇ ಕೆಲಸಕ್ಕೆ ಸೇರಿದ್ದಾಳೆ. ಹೋದ ವಾರ ಮನೆಗೆ ಬಂದವಳು, "ಆಂಟಿ, ಟ್ರೈನಿಂಗ್‌ನಲ್ಲಿ ಹೇಳ್ದೇ ಇರೋದು ಏನಾದ್ರೂ ಇದ್ರೆ ಹೇಳಿ" ಎಂದಳು. ಇದೆ ತಾಯಿ, ಬೇಕಾದಷ್ಟಿದೆ! ಬಾಯಲ್ಲಿ ಹೇಳಿದರೆ ನಾನು ದಾರಿ ತಪ್ಪುತ್ತೇನೆ ಎಂದು ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನ ಇತ್ಯಾದಿ ಬಿಟ್ಟುಬಿಡುತ್ತೇನೆ, ಅವು ಯಾರಿಗೂ ಬೇಡ. ನರ್ಸ್‌ಗಳ ಹೆಸರನ್ನು ಬದಲಾಯಿಸಿದ್ದೇನೆ. ನನ್ನ ತಪ್ಪನ್ನು ಮಾತ್ರ ಬದಲಾಯಿಸಿಲ್ಲ.

ಕೆಲಸ ಇಷ್ಟು. ಆಸ್ಪತ್ರೆಯಲ್ಲಿ ನೋವಿನ ಔಷಧದ ಬೀರುವಿನ ಕೀಲಿ ನರ್ಸ್ ಕೈಯಲ್ಲಿರುತ್ತದೆ. ರೋಗಿಗೆಂದು ಇಟ್ಟದ್ದನ್ನು ಕೆಲವರು ಮೊದಲು ತಮ್ಮ ಬೆನ್ನುನೋವಿಗೆ, ಆಮೇಲೆ ಮನಸ್ಸಿನ ನೋವಿಗೆ, ಆಮೇಲೆ ಕಾರಣವೇ ಇಲ್ಲದೆ ತೆಗೆದುಕೊಳ್ಳತೊಡಗುತ್ತಾರೆ. ಅಂಥವರು ಸಿಕ್ಕಿಬಿದ್ದಾಗ, ಇಲ್ಲವೇ ತಾವಾಗಿ ಒಪ್ಪಿಕೊಂಡಾಗ, ಲೈಸೆನ್ಸ್ ಕಿತ್ತುಕೊಳ್ಳುವ ಬದಲು ಚಿಕಿತ್ಸೆ ಕೊಡಿಸಿ ಐದು ವರ್ಷ ನಿಗಾದಲ್ಲಿಡುವ ಏರ್ಪಾಡು ಇದೆ. ದಿನಾ ಬೆಳಿಗ್ಗೆ ಒಂದು ನಂಬರಿಗೆ ಫೋನ್ ಮಾಡಬೇಕು. ಒಬ್ಬೊಬ್ಬರಿಗೂ ಒಂದು ಬಣ್ಣ ಗೊತ್ತುಮಾಡಿರುತ್ತದೆ; ರೆಕಾರ್ಡ್ ಮಾಡಿದ ಧ್ವನಿ ಆ ಬಣ್ಣದ ಹೆಸರು ಹೇಳಿದರೆ ಅವತ್ತೇ ಹೋಗಿ ಮೂತ್ರಪರೀಕ್ಷೆ ಕೊಡಬೇಕು. ವಾರಕ್ಕೊಂದು ಗುಂಪಿನ ಸಭೆ, ಮೂರು ತಿಂಗಳಿಗೊಮ್ಮೆ ಮೇಲಧಿಕಾರಿಯ ವರದಿ. ಇದನ್ನೆಲ್ಲ ನೋಡಿಕೊಳ್ಳುವವರು ನಾವು. ನಮ್ಮ ಆಫೀಸು ಸಿಯಾಟಲ್ ಹತ್ತಿರದ ಬಾತೆಲ್‌ನ ಕ್ಯಾನ್ಯನ್ ಪಾರ್ಕ್‌ನಲ್ಲಿ, ಎರಡು ಬಯೋಟೆಕ್ ಕಂಪನಿಗಳ ನಡುವೆ ಬೋರ್ಡೇ ಇಲ್ಲದೆ ಇತ್ತು. ಬರುವವರ ಮಾನ ಉಳಿಯಲೆಂದು ಬೋರ್ಡ್ ಹಾಕಿರಲಿಲ್ಲ.

ಮೈಸೂರಿನಲ್ಲಿ ನರ್ಸಿಂಗ್ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಹದಿನಾಲ್ಕು ವರ್ಷ ವಾರ್ಡಿನಲ್ಲಿ ಓಡಾಡಿ ಮಂಡಿ ಸವೆದ ಮೇಲೆ ನಾನು ಅಲ್ಲಿಗೆ ಸೇರಿದ್ದು. ಕೂತು ಮಾಡುವ ಕೆಲಸ, ಆರಾಮ ಎಂದುಕೊಂಡಿದ್ದೆ. ಮೊದಲ ವಾರವೇ ಹೆಲೆನ್ ಆ ಭ್ರಮೆ ಬಿಡಿಸಿದಳು.

ಹೆಲೆನ್ ನಮ್ಮ ಮೇಲಧಿಕಾರಿ. ಸೈನ್ಯದಲ್ಲಿ ನರ್ಸ್ ಆಗಿದ್ದವಳು, ಆಗ ಐವತ್ತು ದಾಟಿದವಳು, ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ. ಪೆನ್ಸಿಲಿನ ತುದಿ ಕಚ್ಚುತ್ತ ಫೈಲು ಓದುತ್ತಿದ್ದಳು. ನಾನು ಬರೆದ ಮೊದಲ ವರದಿಯಲ್ಲಿ ಒಬ್ಬ ನರ್ಸ್ ಬಗ್ಗೆ 'ತುಂಬಾ ಪ್ರಾಮಾಣಿಕಳು, ಚೆನ್ನಾಗಿ ಸುಧಾರಿಸಿದ್ದಾಳೆ' ಎಂದು ಮನಸ್ಸು ತುಂಬಿ ಬರೆದಿದ್ದೆ. ಅವಳ ದನಿ ಅಷ್ಟು ಇಂಪಾಗಿತ್ತು! ನಾಲ್ಕೇ ದಿನಕ್ಕೆ ಅವಳ ಪರೀಕ್ಷೆಯಲ್ಲಿ ಔಷಧ ಸಿಕ್ಕಿತು. ಹೆಲೆನ್ ನನ್ನನ್ನು ಕರೆದು ಆ ಸಾಲುಗಳ ಮೇಲೆ ಗೀಟು ಎಳೆದಳು.

"ಹೊಗಳಿಕೆ ನಂಬಬೇಡ, ತಾರೀಖು ನಂಬು" ಎಂದಳು. ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಇಲ್ಲಿ ಅವರೆಲ್ಲರ ಮಾತನ್ನು ನಾನು ಕನ್ನಡಕ್ಕೆ ತಂದುಕೊಂಡಿದ್ದೇನೆ, ಹೆಲೆನ್ ಕ್ಷಮಿಸಲಿ. "ಎಷ್ಟು ಸಲ ಫೋನ್ ಮಾಡಿದಾಳೆ, ಎಷ್ಟು ಸಲ ತಪ್ಪಿಸಿದಾಳೆ, ಅದನ್ನ ಬರಿ. ಅವಳು ಒಳ್ಳೇವಳಾ ಕೆಟ್ಟೋಳಾ ಅಂತ ಯಾರೂ ನಿನ್ನ ಕೇಳಿಲ್ಲ."

ಎರಡನೇ ಪಾಠ ಗಸಗಸೆಯದು. ಗಸಗಸೆ ಅಫೀಮಿನ ಗಿಡದ ಬೀಜ, ಅದನ್ನು ತಿಂದರೂ ಮೂತ್ರಪರೀಕ್ಷೆ ತಪ್ಪು ತೋರಿಸಬಹುದು. ಹಾಗಾಗಿ ನರ್ಸ್‌ಗಳಿಗೆ ಕೊಡುವ ಪಟ್ಟಿಯಲ್ಲಿ ಗಸಗಸೆ ಉದುರಿಸಿದ ಬ್ರೆಡ್ಡು, ಕೇಕು ನಿಷಿದ್ಧ. ನಾನು ಸಭೆಯಲ್ಲಿ ಸುಮ್ಮನಿರಲಾರದೆ, ನಮ್ಮಲ್ಲಿ ಹಬ್ಬಕ್ಕೆ ಗಸಗಸೆ ರುಬ್ಬಿ ಪಾಯಸ ಮಾಡಿ ಲೋಟಗಟ್ಟಲೆ ಕುಡಿಯುತ್ತೇವೆ, ಕುಡಿದು ಮಧ್ಯಾಹ್ನವೆಲ್ಲ ಮಲಗುತ್ತೇವೆ ಎಂದೆ. "ಒಂದು ಲೋಟಕ್ಕೆ ಎಷ್ಟು ಹಾಕ್ತೀರಿ?" ಎಂದು ಹೆಲೆನ್ ಕೇಳಿದಳು. ನಾನು ಮುಷ್ಟಿ ತೋರಿಸಿದೆ. ಮರುದಿನ ಪಟ್ಟಿಯಲ್ಲಿ 'ದಕ್ಷಿಣ ಭಾರತದ ಗಸಗಸೆ ಪಾಯಸ' ಎಂದು ಹೊಸ ಸಾಲು ಸೇರಿತ್ತು. ನಾನು ನಿವೃತ್ತಳಾಗುವವರೆಗೂ ಅದು ಅಲ್ಲೇ ಇತ್ತು. ಅದೇನೆಂದು ಯಾವ ನರ್ಸೂ ಕೇಳಲಿಲ್ಲ.

ಇನ್ನು ಡೋನಾ.

ಡೋನಾ ತೀವ್ರ ನಿಗಾ ಘಟಕದ ನರ್ಸ್. ಸಿಯಾಟಲ್‌ನ ದೊಡ್ಡ ಆಸ್ಪತ್ರೆಯೊಂದರಲ್ಲಿದ್ದಳು. ನನ್ನೆದುರು ಮೊದಲ ಸಲ ಕೂತಾಗ ಅವಳ ವಯಸ್ಸು ಮೂವತ್ತನಾಲ್ಕು. ನಮ್ಮಲ್ಲಿ ಎಲ್ಲರೂ ಮೊದಲ ದಿನ ಒಂದು ಪುಟದ ಹೇಳಿಕೆ ಬರೆಯಬೇಕು. ನಾಲ್ಕೇ ಪ್ರಶ್ನೆ: ಏನು ಮಾಡಿದಿರಿ, ಯಾವಾಗ, ಅದರಿಂದ ಯಾರಿಗೆ ಪೆಟ್ಟು ಬೀಳಬಹುದಿತ್ತು, ಈಗ ಏನು ಮಾಡುತ್ತೀರಿ. ಬಹಳ ಜನ ಗಂಡ, ಅಮ್ಮ, ಪಾಳಿ, ಸೊಂಟ ಎಲ್ಲದರ ಕತೆ ಬರೆದು ಎರಡು ಪುಟ ಹೆಚ್ಚಿಗೆ ಕೇಳುತ್ತಿದ್ದರು. ಡೋನಾ ಮೂರು ಪುಟ ಬರೆದು ಕೊಟ್ಟಳು. ನಾನು ಹೆಲೆನ್ ಕಲಿಸಿದಂತೆ ಪೆನ್ಸಿಲ್ ಹಿಡಿದು, "ಇದು ನೆಪ, ಇದೂ ನೆಪ" ಎಂದು ಹೊಡೆದುಹಾಕಿದೆ. ಕೊನೆಗೆ ನಾಲ್ಕು ಸಾಲು ಉಳಿದವು. 'ರೋಗಿಯ ನೋವಿನ ಔಷಧ ನಾನು ತೆಗೆದುಕೊಂಡೆ' ಎಂಬುದು ಮೊದಲ ಸಾಲು. ಅದನ್ನು ಓದಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನು ಟಿಶ್ಯೂ ಡಬ್ಬಿ ಮುಂದೆ ಸರಿಸಿದೆ, ಅಷ್ಟೆ.

ಅವಳಿಗೆ ಎಂಟು ವರ್ಷದ ಮಗಳಿದ್ದಳು, ಎಮಿಲಿ. ತಾಯಿಯ ಸ್ಥಿತಿ ನೋಡಿ ಅಜ್ಜಿ ಮಗುವನ್ನು ತನ್ನ ರಾಜ್ಯಕ್ಕೆ ಕರೆದುಕೊಂಡು ಹೋಗಿದ್ದಳು. ಆ ರಾಜ್ಯದ ಹೆಸರು ಬೇಡ. ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ ಬೆಳೆಯುತ್ತಾರೆ ಎಂದರೆ ಸಾಕು. ನಮ್ಮ ಕರಾರು ವಾಷಿಂಗ್ಟನ್ ರಾಜ್ಯದೊಳಗಿನದು. ನಡುವೆ ಬಿಟ್ಟು ಹೋದರೆ ಲೈಸೆನ್ಸಿನ ಆಸೆ ಬಿಡಬೇಕು. ಹಾಗಾಗಿ ಡೋನಾ ಐದು ವರ್ಷ ಇಲ್ಲಿ ಒಬ್ಬಳೇ ಇದ್ದಳು. ಮಗಳನ್ನು ನೋಡುತ್ತಿದ್ದದ್ದು ವರ್ಷಕ್ಕೆ ಎರಡು ಸಲ, ಅದೂ ಅಲ್ಲಿ ಮೂತ್ರಪರೀಕ್ಷೆಗೆ ಜಾಗ ಗೊತ್ತುಮಾಡಿಕೊಂಡು.

ಆ ಐದು ವರ್ಷವನ್ನು ನಾನು ಒಂದೇ ಸಾಲಿನಲ್ಲಿ ಹೇಳಬಲ್ಲೆ. ಸಾವಿರದ ಎಂಟುನೂರಕ್ಕೂ ಮಿಕ್ಕ ಬೆಳಗುಗಳಲ್ಲಿ ಅವಳು ಒಂದು ಬೆಳಗೂ ಫೋನ್ ತಪ್ಪಿಸಲಿಲ್ಲ. ಹೆಲೆನ್ ಹೇಳಿದಂತೆ ತಾರೀಖು ಬರೆದಿಟ್ಟಿದ್ದೇನೆ, ಹೊಗಳುತ್ತಿಲ್ಲ! ಮೊದಲ ವರ್ಷ ಅವಳಿಗೆ ಔಷಧದ ಬೀರುವಿನ ಕೀಲಿ ಮುಟ್ಟುವ ಹಕ್ಕಿರಲಿಲ್ಲ. ಅದು ವಾಪಸು ಸಿಕ್ಕ ದಿನ ಆಸ್ಪತ್ರೆಯ ಪಾರ್ಕಿಂಗ್‌ನಿಂದ ನನಗೆ ಫೋನ್ ಮಾಡಿದಳು. "ಪ್ಯಾಡ್ಮಾ, ಕೀಲಿ ಕೈಯಲ್ಲಿದೆ, ತುಂಬಾ ಭಾರ ಇದೆ" ಎಂದಳು. ಅವತ್ತು ನಾನು ಫೈಲಿನಲ್ಲಿ ತಾರೀಖು ಬರೆದು, ಬಾತ್‌ರೂಮಿಗೆ ಹೋಗಿ ಕಣ್ಣು ತೊಳೆದುಕೊಂಡು ಬಂದೆ.

ಐದು ವರ್ಷ ಮುಗಿದ ವಾರ ಎರಡು ಸಿಹಿಸುದ್ದಿ ಒಟ್ಟಿಗೆ ಬಂದವು. ಅಜ್ಜಿಯ ಊರಿನ ಸಣ್ಣ ಆಸ್ಪತ್ರೆಯವರು ಡೋನಾಳ ಕತೆಯನ್ನೆಲ್ಲ ಕೇಳಿಯೂ ಕೆಲಸ ಕೊಡಲು ಒಪ್ಪಿದ್ದರು. ಷರತ್ತು ಒಂದೇ, ತಿಂಗಳ ಕೊನೆಯೊಳಗೆ ಆ ರಾಜ್ಯದ ಲೈಸೆನ್ಸ್ ಕೈಯಲ್ಲಿರಬೇಕು. ಕೆಲವು ರಾಜ್ಯಗಳು ಒಂದರ ಲೈಸೆನ್ಸನ್ನು ಇನ್ನೊಂದು ಒಪ್ಪುವಂತೆ ಕೂಟ ಮಾಡಿಕೊಂಡಿದ್ದವು, ನಮ್ಮದು ಅದರಲ್ಲಿರಲಿಲ್ಲ. ಅಲ್ಲಿನ ನರ್ಸಿಂಗ್ ಮಂಡಳಿಗೆ ಹೊಸದಾಗಿ ಅರ್ಜಿ ಹಾಕಲೇಬೇಕಿತ್ತು. ಅವಳು ಅರ್ಜಿ ಹಿಡಿದು ನನ್ನ ಕೋಣೆಗೆ ಬಂದಳು. ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟಿದ್ದಳು: ವ್ಯಸನದ ಕಾರಣಕ್ಕೆ ಎಂದಾದರೂ ನಿಗಾದಲ್ಲಿದ್ದಿರಾ?

"ಇಲ್ಲ ಅಂತ ಬರೆದ್ರೆ ಏನಾಗತ್ತೆ? ನೀವು ಯಾರಿಗೂ ಹೇಳಲ್ಲ, ನನ್ನ ಲೈಸೆನ್ಸ್ ಮೇಲೂ ಕಲೆ ಇಲ್ಲ."

"ಹೌದು ಅಂತ ಟಿಕ್ ಹಾಕು. ನಿಜ ಹೇಳಿದ್ರೆ ನಾಲ್ಕು ದಿನ ತಡ ಆಗಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ರೆ ಲೈಸೆನ್ಸೇ ಹೋಗತ್ತೆ."

"ನಿಮಗೆ ಹೇಳೋದು ಸುಲಭ" ಎಂದಳು. ಆದರೂ ಟಿಕ್ ಹಾಕಿದಳು. ಹೊಸದಾಗಿ ಕೆಲಸಕ್ಕೆ ಬರುವವರೇ, ನಾನು ಆ ಮಾತನ್ನು ಎಷ್ಟು ಗತ್ತಿನಲ್ಲಿ ಹೇಳಿದೆ ಎಂಬುದನ್ನು ನೆನಪಿಡಿ.

ಹೌದು ಎಂದ ಮೇಲೆ ಉಳಿದದ್ದು ನಮ್ಮ ಕಡೆಯ ಪತ್ರ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಹೋಗುತ್ತದೆ. ಆಗ ಹಾಗಲ್ಲ. 'ಇವರು ಐದು ವರ್ಷದ ನಿಗಾವನ್ನು ಪೂರೈಸಿದ್ದಾರೆ' ಎಂಬ ಪತ್ರಕ್ಕೆ ಹೆಲೆನ್ ಸಹಿ ಹಾಕಿ, ಉಬ್ಬು ಮೊಹರು ಒತ್ತಿ, ಅದು ಮುಚ್ಚಿದ ಕವರಿನಲ್ಲಿ ನಮ್ಮ ಆಫೀಸಿನಿಂದ ನೇರ ಆ ಮಂಡಳಿಗೆ ಹೋಗಬೇಕು. ನರ್ಸ್ ಅದನ್ನು ಕೈಯಲ್ಲಿ ಮುಟ್ಟುವಂತಿಲ್ಲ.

ಅವತ್ತು ಶುಕ್ರವಾರ. ಶಾರದಾಳ ಮಗನ ಮದುವೆ ಗೊತ್ತಾಗಿತ್ತು. ಕರೆಯೋಲೆಗಳನ್ನು ಇಬ್ಬರೂ ಹಂಚಿಕೊಂಡಿದ್ದೆವು. ನನ್ನ ಪಾಲಿನ ಕಟ್ಟನ್ನು ಆಫೀಸಿಗೆ ತಂದು, ಊಟದ ವೇಳೆಯಲ್ಲಿ ಒಂದೊಂದರ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಿದ್ದೆ. ನೀರಲ್ಲಿ ಕಲಸಿ ಹಚ್ಚಿ ಒಣಗಿಸುವುದು ಕ್ರಮ. ಬಟ್ಟಲಿನಲ್ಲಿ ಕಲಸಿದ್ದು ಆಗಲೇ ಮುಗಿದಿತ್ತು. ಅಷ್ಟರಲ್ಲಿ ಹೆಲೆನ್ ಬಂದು ಡೋನಾಳ ಪತ್ರವನ್ನು ಮೇಜಿನ ಮೇಲಿಟ್ಟು, "ಸಹಿ ಆಯ್ತು, ಕಳಿಸು" ಎಂದು ಹೋದಳು.

ನಾನು ಪತ್ರ ಓದಿದೆ. ಎರಡೇ ಸಾಲು, ಹೊಗಳಿಕೆ ಇಲ್ಲ. ನನಗೆ ಖುಷಿಯಲ್ಲಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ! ಇದಕ್ಕಿಂತ ಶುಭಪತ್ರ ಯಾವುದಿದೆ? ಯಾರದೋ ಮದುವೆಗೆ ಹಚ್ಚುವ ಅರಿಶಿನ, ಐದು ವರ್ಷ ತಪಸ್ಸು ಮಾಡಿ ಮಗಳ ಹತ್ತಿರ ಹೋಗುತ್ತಿರುವವಳ ಪತ್ರಕ್ಕೆ ಯಾಕೆ ಬೇಡ? ಡಬ್ಬಿಯಲ್ಲಿ ಒಣ ಪುಡಿ ಇತ್ತು. ಅದನ್ನೇ ಚಿಟಿಕೆ ತೆಗೆದು ನಾಲ್ಕು ಮೂಲೆಗೂ ಧಾರಾಳವಾಗಿ ಒತ್ತಿದೆ. ಮಡಿಚಿದೆ, ಕವರಿಗೆ ಹಾಕಿದೆ, ಅಂಟಿಸಿದೆ. ಕವರನ್ನು ಕಣ್ಣಿಗೊತ್ತಿಕೊಂಡು ಟಪಾಲಿಗೆ ಹಾಕಿದೆ. ಗಡಿಬಿಡಿಯಲ್ಲಿ ಕ್ರಮ ಬಿಟ್ಟೆ ಎಂಬುದು ಆಗ ಹೊಳೆಯಲೇ ಇಲ್ಲ.

ನಿಮ್ಮಲ್ಲಿ ಚಿಕ್ಕವರಿಗೆ ಒಂದು ಮಾತು ಹೇಳಬೇಕು. ಅದಕ್ಕೆ ಒಂದೆರಡು ವರ್ಷದ ಹಿಂದಷ್ಟೇ ಟಪಾಲಿನಲ್ಲಿ ವಿಷದ ಪುಡಿ ಬಂದು ಈ ದೇಶವೇ ನಡುಗಿತ್ತು. ಸರ್ಕಾರಿ ಕಚೇರಿಗಳಲ್ಲಿ ಕಾಗದ ಒಡೆಯುವವರು ಕೈಗವಸು ಹಾಕಿಕೊಳ್ಳುತ್ತಿದ್ದರು.

ಹನ್ನೊಂದು ದಿನ ಕಳೆದು, ಮಂಗಳವಾರ ಬೆಳಿಗ್ಗೆ ಹೆಲೆನ್ ನನ್ನನ್ನು ಒಳಗೆ ಕರೆದಳು. ಬಾಗಿಲು ಹಾಕಿದಳು. ಪೆನ್ಸಿಲ್ ಕಚ್ಚುತ್ತಿರಲಿಲ್ಲ. ಅದನ್ನು ನೋಡಿಯೇ ನನಗೆ ಭಯವಾಯಿತು.

"ಆ ಮಂಡಳಿಯವರು ಡೋನಾಳ ಪತ್ರ ಒಡೆದಾಗ ಹಳದಿ ಪುಡಿ ಉದುರಿತಂತೆ. ಇಡೀ ಕಟ್ಟಡ ಖಾಲಿ ಮಾಡಿಸಿದಾರೆ. ಅಗ್ನಿಶಾಮಕದವರು ಬಂದು, ಮುಖ ಮುಚ್ಚಿಕೊಂಡವರು ಬಂದು, ಪತ್ರ ಚೀಲಕ್ಕೆ ಹಾಕ್ಕೊಂಡು ಹೋಗಿದಾರೆ. ಇಬ್ಬರು ಹೆಂಗಸರಿಗೆ ಸ್ನಾನ ಮಾಡಿಸಿದಾರಂತೆ."

ನಾನು ಕೈಗಳನ್ನು ಮೇಜಿನ ಕೆಳಗೆ ಇಳಿಸಿದೆ.

"ವಿಷ ಅಲ್ಲ, ಯಾವುದೋ ಗಿಡದ ಪುಡಿ ಅಂತ ಮೊದಲ ಪರೀಕ್ಷೆ ಹೇಳಿದೆ. ಆದ್ರೆ ವ್ಯಸನಿ ನರ್ಸ್ ಫೈಲಲ್ಲಿ ಗಿಡದ ಪುಡಿ ಅಂದ್ರೆ ಅವರು ಏನಂದ್ಕೋತಾರೆ? ಡೋನಾ ಕವರನ್ನ ಮುಟ್ಟಿದ್ಲಾ ಅಂತ ಕೇಳ್ತಿದಾರೆ. ಅರ್ಜಿ ಪಕ್ಕಕ್ಕಿಟ್ಟಿದಾರೆ. ಪದ್ಮಾ, ಆ ಪುಡಿ ಏನು?"

"ಗೊತ್ತಿಲ್ಲ" ಎಂದೆ. "ಮೇಜಿನ ಮೇಲೆ ಊಟದ ಡಬ್ಬಿ ಇತ್ತು, ಅದರದ್ದೇನೋ..."

ಎಷ್ಟು ಸಲೀಸಾಗಿ ಬಂತು! ಐವತ್ತರ ಹತ್ತಿರದ ಹೆಂಗಸು, ನೂರಾರು ನರ್ಸ್‌ಗಳ ಸುಳ್ಳು ಹಿಡಿದವಳು, ಚಿಕ್ಕ ಹುಡುಗಿಯ ಹಾಗೆ ಊಟದ ಡಬ್ಬಿಯ ಹಿಂದೆ ಅಡಗಿಕೊಂಡೆ. ಅವಮಾನಕ್ಕೆ ಹೆದರಿದೆ ಎಂಬುದೇ ನಿಜ. ಅರಿಶಿನ ಕುಂಕುಮದ ಹೆಂಗಸು ಸರ್ಕಾರದ ಕಟ್ಟಡ ಖಾಲಿ ಮಾಡಿಸಿದಳು ಎಂದು ಎಲ್ಲರೂ ನಗುವುದನ್ನು ನೆನೆದು ಹೆದರಿದೆ. ಹೆಲೆನ್ ನನ್ನನ್ನೇ ನೋಡಿ, "ಸರಿ" ಎಂದಳು.

ಮಧ್ಯಾಹ್ನ ಡೋನಾಳ ಫೋನ್ ಬಂತು. ಅವಳು ಮನೆ ಖಾಲಿ ಮಾಡಿ, ಸಾಮಾನನ್ನೆಲ್ಲ ಕಾರಿಗೆ ತುಂಬಿಕೊಂಡು, ಮರ್ಸರ್ ಐಲ್ಯಾಂಡ್‌ನ ಗೆಳತಿಯೊಬ್ಬಳ ಮನೆಯಲ್ಲಿದ್ದಳು. ಕಿರುಚುತ್ತಾಳೆ ಎಂದುಕೊಂಡಿದ್ದೆ. ಅವಳ ದನಿ ತಣ್ಣಗಿತ್ತು.

"ಅವರು ಕೇಳಿದ್ರು, ನಾನು ಮುಟ್ಟಿಲ್ಲ ಅಂದೆ. ನಂಬಿಲ್ಲ. ಪರವಾಗಿಲ್ಲ ಪ್ಯಾಡ್ಮಾ. ಇನ್ನೊಂದು ವರ್ಷ ನಿಗಾ ಅಂದ್ರೂ ಮಾಡ್ತೀನಿ. ಅನುಮಾನದಲ್ಲಿ ಬದುಕೋದು ನನಗೆ ಅಭ್ಯಾಸ ಆಗಿದೆ. ಎಮಿಲಿಗೆ ಹೆಂಗೆ ಹೇಳೋದು ಅನ್ನೋದೊಂದೇ ಗೊತ್ತಾಗ್ತಿಲ್ಲ. ಗೋಡೆಗೆ ಬಣ್ಣ ಹಚ್ಚಿ ಕಾಯ್ತಾ ಇದಾಳೆ, ನನ್ನ ರೂಮಿಗೆ."

ನಾನು 'ನೋಡೋಣ' ಎಂದೆ. ಫೋನ್ ಇಟ್ಟು ಕೈ ನೋಡಿಕೊಂಡೆ. ವಾರಾಂತ್ಯದಲ್ಲಿ ಉಳಿದ ಕರೆಯೋಲೆಗಳಿಗೆ ಹಚ್ಚಿದ ಅರಿಶಿನ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

ಸಂಜೆ ಊಟಕ್ಕೆ ಕೂತಾಗ ಹೆಸರು ಹೇಳದೆ ಸಂಗತಿ ಹೇಳಿದೆ. ನಮ್ಮವರು ವಿಮಾನದ ಎಂಜಿನಿಯರ್, ಮಂಡ್ಯದ ಕಡೆಯವರು. ಮೂವತ್ತು ವರ್ಷ ಅಮೆರಿಕದಲ್ಲಿದ್ದರೂ ಮನೆಯಲ್ಲಿ ಆಡುವುದು ಊರಿನ ಮಾತೇ.

"ಸುಮ್ಕಿರು, ಅದ್ಯಾಕಂಗೆ ಹೆದರ್ಕತೀಯ? ಲ್ಯಾಬ್ನೋರು ಅರಿಸ್ನ ಅಂತ ಬರ್ಕತಾರೆ, ಮುಗೀತು. ನೀನ್ಯಾಕೆ ಮೈಮೇಲೆ ಎಳ್ಕತೀಯ?"

ಮಗಳು ಸ್ಮಿತಾ ಆಗ ಹೈಸ್ಕೂಲಿನಲ್ಲಿದ್ದಳು. ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಚಪಾತಿ ಕೈಯಲ್ಲೇ ನಿಂತಿತು. "ಅಮ್ಮಾ, ಸೀರಿಯಸ್ಲಿ? ಯು ಪುಟ್ ಪೌಡರ್ ಇನ್ ದ ಮೇಲ್?" ಎಂದು ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಬಟ್ ದಟ್ ನರ್ಸ್ ಡಿಡಂಟ್ ಡು ಎನಿಥಿಂಗ್" ಎಂದಳು.

ಅಷ್ಟೇ ಹೇಳಿದ್ದು. ಅಪ್ಪನೂ ಅನ್ನದ ಮೇಲಿನ ಕೈ ತೆಗೆದರು.

ಬುಧವಾರ ಹೆಲೆನ್ ಬರುವ ಮೊದಲೇ ನಾನು ಅವಳ ಬಾಗಿಲ ಬಳಿ ನಿಂತಿದ್ದೆ. "ನಿನ್ನೆ ಸುಳ್ಳು ಹೇಳಿದೆ" ಎಂದೆ. ಅವಳು ಕೋಟು ತೆಗೆಯದೆ ಬೀರುವಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟಳು. ನರ್ಸ್‌ಗಳಿಗೆ ಕೊಡುವ ಅದೇ ಹಾಳೆ, ಅದೇ ನಾಲ್ಕು ಪ್ರಶ್ನೆ.

ನಾನು ಕೂತು ಬರೆದೆ. ನಮ್ಮ ಸಂಪ್ರದಾಯ, ಮಂಗಳ ಕಾರ್ಯ, ಅರಿಶಿನದ ಮಹತ್ವ, ಅಜ್ಜಿ ಹೇಳುತ್ತಿದ್ದದ್ದು, ಶಾರದಾಳ ಮಗನ ಮದುವೆ, ಎರಡೂವರೆ ಪುಟ ಆಯಿತು. ಹೆಲೆನ್ ಪೆನ್ಸಿಲ್ ತೆಗೆದುಕೊಂಡಳು.

"ಇದು ನೆಪ" ಎಂದು ಅಜ್ಜಿಯನ್ನು ಹೊಡೆದುಹಾಕಿದಳು. "ಇದೂ ನೆಪ" ಎಂದು ಮದುವೆ ಹೋಯಿತು. ಸಂಪ್ರದಾಯದ ಹತ್ತಿರ ಒಂದು ಕ್ಷಣ ನಿಂತಳು. "ಇದು ಚೆನ್ನಾಗಿದೆ. ಆದ್ರೂ ನೆಪ."

ನಾಲ್ಕು ಸಾಲು ಉಳಿದವು. ನಾನೇ ಪತ್ರದಲ್ಲಿ ಅರಿಶಿನದ ಪುಡಿ ಹಾಕಿದೆ. ಡೋನಾ ಅದನ್ನು ಮುಟ್ಟಿಲ್ಲ. ಕೇಳಿದಾಗ ಸುಳ್ಳು ಹೇಳಿ ಅವಳ ಮೇಲೆ ಅನುಮಾನ ಬರಲು ಬಿಟ್ಟೆ. ಇನ್ನು ಮುಂದೆ ಆಫೀಸಿನ ಕಾಗದದಲ್ಲಿ ಕಾಗದವಲ್ಲದೆ ಬೇರೇನೂ ಹೋಗುವುದಿಲ್ಲ. ನಾನು ಸಹಿ ಹಾಕಿದೆ. ಡೋನಾ ಐದು ವರ್ಷದ ಹಿಂದೆ ಯಾಕೆ ಅಷ್ಟು ಅತ್ತಳೆಂದು ನನಗೆ ಆಗ ಗೊತ್ತಾಯಿತು.

ಆ ಮಂಡಳಿಯ ಫೋನ್ ಸಿಗಲು ಮಧ್ಯಾಹ್ನವಾಯಿತು. ಸ್ಪೀಕರಿನಲ್ಲಿ ನಾನೇ ಓದಿದೆ. ಆ ಕಡೆಯ ಹೆಂಗಸು, ಸ್ನಾನ ಮಾಡಿಸಿಕೊಂಡ ಇಬ್ಬರಲ್ಲಿ ತಾನೂ ಒಬ್ಬಳು ಎಂದಳು. ನಾನು ಕ್ಷಮೆ ಕೇಳಿದೆ.

"ಅರಿಶಿನ ಅಂದ್ರೆ, ಸಾಸಿವೆಯ ಸಾಸ್‌ಗೆ ಬಣ್ಣಕ್ಕೆ ಹಾಕ್ತಾರಲ್ಲ, ಅದಾ?"

"ಹೌದು."

"ಅಯ್ಯೋ ದೇವರೇ! ಅವರು ನನ್ನ ಶೂ ಕೂಡ ತಗೊಂಡು ಹೋದ್ರು!" ಎಂದು ಅವಳು ನಕ್ಕಳು. ಹೆಲೆನ್ ನಗಲಿಲ್ಲ. ಅವಳು ಕೇಳಿದ್ದು ತಾರೀಖು. ಲೈಸೆನ್ಸ್ ಸಮಿತಿ ನಾಳೆ ಮಧ್ಯಾಹ್ನ ಸೇರುತ್ತದೆ, ತಪ್ಪಿದರೆ ಮುಂದಿನ ತಿಂಗಳು. ಹೊಸ ಪತ್ರ, ನನ್ನ ಹೇಳಿಕೆ, ಎರಡರ ಮೂಲಪ್ರತಿ ನಾಳೆ ಬೆಳಿಗ್ಗೆ ಮೇಜಿನ ಮೇಲಿದ್ದರೆ ನೋಡೋಣ ಎಂದಿತು ಆ ದನಿ. ಮುಂದಿನ ತಿಂಗಳೆಂದರೆ ಡೋನಾಳ ಕೆಲಸ ಹೋದಂತೆ.

ಹೊಸ ಪತ್ರ ಟೈಪಾಗಿ, ಮೇಲಿನವರ ಒಪ್ಪಿಗೆ ಬಂದು, ಮೊಹರು ಬೀಳುವಷ್ಟರಲ್ಲಿ ಕ್ಯಾನ್ಯನ್ ಪಾರ್ಕ್‌ನ ಕೊರಿಯರ್ ಗಾಡಿ ಹೊರಟುಹೋಗಿತ್ತು. ಆರು ಗಂಟೆಯವರೆಗೆ ತೆಗೆದಿರುವ ಕೌಂಟರು ಬೆಲ್ವ್ಯೂನಲ್ಲಿ ಮಾತ್ರ. ಆಗ ಐದಕ್ಕೆ ಹತ್ತು ನಿಮಿಷ. ಸಂಜೆ ಐದರ ನಾಲ್ಕುನೂರೈದು ಹೆದ್ದಾರಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ನಾನು ಕಾರಿನ ಕೀಲಿ ತೆಗೆದುಕೊಂಡೆ. ಹೆಲೆನ್ ಕೋಟು ಹಾಕಿಕೊಂಡು ಹಿಂದೆಯೇ ಬಂದಳು.

"ನೀವ್ಯಾಕೆ?"

"ಕಾರಲ್ಲಿ ಇಬ್ಬರಿದ್ರೆ ಕಾರ್‌ಪೂಲ್ ಲೇನಲ್ಲಿ ಹೋಗಬಹುದು. ಅದೂ ಅಲ್ದೆ, ಕವರ್ ನಿನ್ನ ಕೈಗೆ ಕೊಡಲ್ಲ."

ಕೈಗೆ ಆಸ್ಪತ್ರೆಯ ಗ್ಲೌಸ್ ಹಾಕಿಕೊಂಡು, ಕವರನ್ನು ತೊಡೆಯ ಮೇಲೆ ನೇರ ಹಿಡಿದು ಕೂತಳು! ಮಳೆ ಹನಿಯುತ್ತಿತ್ತು. ನಾಲ್ಕು ಲೇನೂ ಕೆಂಪು ದೀಪದ ಸಾಲು, ನಮ್ಮದೊಂದು ಮಾತ್ರ ಓಡುತ್ತಿತ್ತು. ಕರ್ಕ್‌ಲ್ಯಾಂಡ್ ಹತ್ತಿರ ಅದೂ ನಿಂತಿತು. ಐದೂವರೆ. ಮತ್ತೆ ಹೊರಟಿತು. "ಬಲಕ್ಕೆ ಬಾ, ಬಲಕ್ಕೆ!" ಎಂದು ಸೈನ್ಯದ ದನಿಯಲ್ಲಿ ಹೆಲೆನ್ ಕೂಗಿದಳು. ಬೆಲ್ವ್ಯೂನ ಗಾಜಿನ ಕಟ್ಟಡಗಳ ನಡುವೆ ಎರಡು ಸಿಗ್ನಲ್ ಕೆಂಪಾದವು. ಇನ್ನೂ ಒಂದು ತಿರುವಿದೆ ಎನ್ನುವಾಗಲೇ ಅವಳು ಬಾಗಿಲು ತೆಗೆದು ಇಳಿದು ಮಳೆಯಲ್ಲಿ ಓಡಿದಳು. ಅರವತ್ತರ ಹೆಂಗಸು, ಗ್ಲೌಸಿನ ಕೈಯಲ್ಲಿ ಕವರ್ ಎತ್ತಿ ಹಿಡಿದು! ನಾನು ಕಾರು ನಿಲ್ಲಿಸಿ ಹೋಗುವಷ್ಟರಲ್ಲಿ ರಸೀತಿ ಹಿಡಿದು ಹೊರಗೆ ಬಂದಿದ್ದಳು. ಆರಕ್ಕೆ ಮೂರು ನಿಮಿಷವಿತ್ತು.

ವಾಪಸು ಬರುವಾಗ ಅವಳು ಗ್ಲೌಸ್ ತೆಗೆದು ರಸೀತಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಬಾತೆಲ್ ಹತ್ತಿರ ಬಂದಾಗ, "ನಿನ್ನ ಫೈಲಲ್ಲಿ ಎಚ್ಚರಿಕೆ ಪತ್ರ ಹಾಕ್ತೀನಿ" ಎಂದಳು. "ಹಾಕಿ" ಎಂದೆ. "ಆದ್ರೂ ಹೇಳು, ನಾಲ್ಕು ಮೂಲೆಗೇ ಯಾಕೆ?" ನಾನು ವಿವರಿಸಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಶುಕ್ರವಾರ ಬೆಳಿಗ್ಗೆ ಡೋನಾ ನಮ್ಮ ಆಫೀಸಿಗೇ ಬಂದಳು. ಹೊರಗೆ ಅವಳ ಕಾರಿನ ಹಿಂದಿನ ಸೀಟಿನಲ್ಲಿ ಉದ್ದ ಕಾಲಿನ ದೀಪ, ಕುಕ್ಕರು, ದಿಂಬು. ಅವಳಿಗೆ ಎಲ್ಲವನ್ನೂ ಹೇಳಿ ನಾಲ್ಕು ಸಾಲಿನ ಹಾಳೆ ಕೊಟ್ಟೆ. ಅವಳು ಎರಡು ಸಲ ಓದಿದಳು. ಬೈಯುತ್ತಾಳೆ, ಬೈದರೆ ನ್ಯಾಯ ಎಂದು ಕಾದೆ. ಅವಳು ನನ್ನ ಮೇಜಿನ ಟಿಶ್ಯೂ ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು. ನಾನು ಅತ್ತೆ, ಅವಳು ನಕ್ಕಳು, ಆಮೇಲೆ ಇಬ್ಬರೂ ಎರಡನ್ನೂ ಮಾಡಿದೆವು.

ಆಗಷ್ಟೇ ಕೆಲವು ಮಂಡಳಿಗಳು ಲೈಸೆನ್ಸಿನ ಹೆಸರುಗಳನ್ನು ವೆಬ್‌ಸೈಟಿನಲ್ಲಿ ಹಾಕಲು ಶುರುಮಾಡಿದ್ದವು. ಪುಟ ತೆರೆದು ಅವಳ ಹೆಸರು ಟೈಪ್ ಮಾಡಿದೆವು. ದಾಖಲೆ ಇಲ್ಲ. ಕಾಫಿ ಕುಡಿದು ಮತ್ತೆ ಮಾಡಿದೆವು. ದಾಖಲೆ ಇಲ್ಲ. ಹನ್ನೊಂದು ಗಂಟೆಗೆ ಮತ್ತೊಮ್ಮೆ ಒತ್ತಿದೆ. ಪುಟ ನಿಧಾನವಾಗಿ ಮೇಲಿನಿಂದ ಇಳಿಯಿತು. ಡೋನಾಳ ಪೂರ್ತಿ ಹೆಸರು. ಒಂದು ನಂಬರು. ಪಕ್ಕದಲ್ಲಿ 'ಆಕ್ಟಿವ್'. ಅವಳು ಎಂಥ ಕೂಗು ಹಾಕಿದಳೆಂದರೆ ಪಕ್ಕದ ಬಯೋಟೆಕ್‌ನವರು ಓಡಿಬಂದರು! ಹೆಲೆನ್ ತನ್ನ ಕೋಣೆಯ ಬಾಗಿಲಿಗೆ ಬಂದು ಪರದೆ ನೋಡಿ, "ತಾರೀಖು ಬರ್ಕೋ ಪದ್ಮಾ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಮೂಗು ಏರಿಸಿಕೊಳ್ಳುವ ಸದ್ದು ಬಂತು.

ಎಚ್ಚರಿಕೆ ಪತ್ರ ನನ್ನ ಫೈಲಿನಲ್ಲಿ ಕೊನೆಯವರೆಗೂ ಇತ್ತು. ಅದರ ಪ್ರತಿ ಈಗಲೂ ನನ್ನ ಹತ್ತಿರವಿದೆ. ಹೊಸಬರು ಯಾರಾದರೂ ನರ್ಸ್‌ಗಳ ಹೇಳಿಕೆಗೆ ಗೀಟು ಎಳೆಯುವಾಗ ಸ್ವಲ್ಪ ಮೆರೆದರೆ, ನನ್ನ ನಾಲ್ಕು ಸಾಲು ತೋರಿಸುತ್ತಿದ್ದೆ. ಗೀಟು ಎಳೆಯಬೇಡಿ ಎಂದಲ್ಲ, ಎಳೆಯಲೇಬೇಕು. ಎದುರು ಕೂತವರಿಗೆ ಆ ಒಂದು ಸಾಲು ಬರೆಯುವುದು ಎಷ್ಟು ಕಷ್ಟ ಎಂಬುದು ಮಾತ್ರ ನಿಮಗೆ ಗೊತ್ತಿರಲಿ.

ನಾನು ನಿವೃತ್ತಳಾಗುವ ವರ್ಷ, ಜೋಳದ ನಾಡಿನಿಂದ ಆಫೀಸಿಗೆ ನನ್ನ ಹೆಸರಿಗೆ ಒಂದು ದಪ್ಪ ಕವರು ಬಂತು. ಎಮಿಲಿ ನರ್ಸಿಂಗ್ ಓದು ಮುಗಿಸಿದ್ದಳು, ಪದವಿ ಸಮಾರಂಭದ ಕರೆಯೋಲೆ. ನಾಲ್ಕು ಮೂಲೆಯಲ್ಲೂ ಹಳದಿಗಂದು ಕಲೆ. ಮೂಗಿಗೆ ಹಿಡಿದೆ. ಜೀರಿಗೆ, ಕೊತ್ತಂಬರಿ, ಮೆಂತ್ಯ! ಅಮೆರಿಕದ ಅಂಗಡಿಯಲ್ಲಿ ಸಿಗುವ ಕರಿ ಪೌಡರು. ಅದೇ ಅರಿಶಿನ ಎಂದುಕೊಂಡಿದ್ದಾರೆ. ಜೊತೆಗೆ ಡೋನಾಳ ಅಕ್ಷರದಲ್ಲಿ ಒಂದೇ ಸಾಲು: 'ನೀರಲ್ಲಿ ಕಲಸಿ, ಒಂದು ರಾತ್ರಿ ಒಣಗಿಸಿದ್ದೇವೆ.'

ನಾನು ಕಾರ್ಡನ್ನು ಬಿಳಿ ಹಾಳೆಯ ಮೇಲೆ ತಲೆಕೆಳಗಾಗಿ ಹಿಡಿದು ಜೋರಾಗಿ ಕೊಡವಿದೆ. ಒಂದು ಚೂರೂ ಉದುರಲಿಲ್ಲ.